ಪ್ಲೇಟ್ ಸಾಲ್ವ್ ಫೇಲ್ ಆಗ್ತಿದ್ಯಾ? ಮೊದಲು ಈ ಒಂದು ಲೆಕ್ಕ ನೋಡಿ

ಆಕಾಶದ ಫೋಟೋ ತೆಗೆಯೋರಿಗೆ ನಮ್ಮ ಕಡೆ ಸಿಗೋ ರಾತ್ರಿಗಳೇ ಕಮ್ಮಿ. ಮಳೆಗಾಲ ಮುಗೀಬೇಕು, ಅಮಾವಾಸ್ಯೆ ಹತ್ತಿರ ಇರಬೇಕು, ಮೋಡ ಇರಬಾರದು. ಅಂಥ ರಾತ್ರಿ ಊರಾಚೆ ಹೋಗಿ ಎಲ್ಲಾ ಜೋಡಿಸಿದ ಮೇಲೆ ಲ್ಯಾಪ್‌ಟಾಪ್ 'ಪ್ಲೇಟ್ ಸಾಲ್ವ್ ಫೇಲ್ಡ್' ಅಂದ್ರೆ ರಾತ್ರಿನೇ ಹಾಳು. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಪ್ಲೇಟ್ ಸಾಲ್ವಿಂಗ್ ಅಂದ್ರೆ, ಫೋಟೋದಲ್ಲಿರೋ ನಕ್ಷತ್ರಗಳ ಜೋಡಣೆಯನ್ನ ನಕ್ಷತ್ರಗಳ ಪಟ್ಟಿಯ ಜೊತೆ ಹೋಲಿಸಿ, ಟೆಲಿಸ್ಕೋಪ್ ಎಲ್ಲಿಗೆ ನೋಡ್ತಿದೆ ಅಂತ ಕಂಡುಹಿಡಿಯೋದು. ಹಿಂದೆ ಗಾಜಿನ ಪ್ಲೇಟ್ ಮೇಲೆ ಫೋಟೋ ತೆಗೀತಿದ್ರು, ಆ ಹೆಸರೇ ಉಳೀತು. ಲೆಡ್ಜರ್ ಮತ್ತು ಪಾಸ್‌ಬುಕ್ ಟ್ಯಾಲಿ ಮಾಡೋ ಥರ ಅಂದ್ಕೊಳ್ಳಿ. ಒಂದು ರೂಪಾಯಿಯಲ್ಲಿ, ಇನ್ನೊಂದು ಪೈಸೆಯಲ್ಲಿ ಇದ್ರೆ ಟ್ಯಾಲಿ ಆಗಲ್ಲ. ಇಲ್ಲೂ ಅಷ್ಟೇ, ಅಳತೆ ಒಂದೇ ಇರಬೇಕು.

ಆ ಅಳತೆಯ ಹೆಸರು ಪಿಕ್ಸೆಲ್ ಸ್ಕೇಲ್. ಲೆಕ್ಕ ಸುಲಭ: 206.265 ಅನ್ನು ಪಿಕ್ಸೆಲ್ ಗಾತ್ರದಿಂದ (ಮೈಕ್ರಾನ್) ಗುಣಿಸಿ, ಫೋಕಲ್ ಲೆಂತ್‌ನಿಂದ (ಮಿಲಿಮೀಟರ್) ಭಾಗಿಸಿ. ಕ್ಯಾನನ್ 1300ಡಿ ಕ್ಯಾಮೆರಾದ ಪಿಕ್ಸೆಲ್ ಸುಮಾರು 4.3 ಮೈಕ್ರಾನ್. 250 ಮಿ.ಮೀ. ಲೆನ್ಸ್ ಹಾಕಿದ್ರೆ ಒಂದು ಪಿಕ್ಸೆಲ್‌ಗೆ 3.55 ಆರ್ಕ್‌ಸೆಕೆಂಡ್. ಫೋಟೋ ಎತ್ತರ 3456 ಪಿಕ್ಸೆಲ್, ಅಂದ್ರೆ ಆಕಾಶದಲ್ಲಿ ಸುಮಾರು 3.4 ಡಿಗ್ರಿ. ಅದೇ ಜೂಮ್ ಲೆನ್ಸ್ 200ಕ್ಕೆ ಜಾರಿದ್ರೆ 4.3 ಡಿಗ್ರಿ ಆಗುತ್ತೆ. ನೀವು ಮಾತ್ರ ಸಾಫ್ಟ್‌ವೇರ್‌ಗೆ 250 ಅಂತಾನೇ ಹೇಳಿರ್ತೀರ! ಟೆಲಿಸ್ಕೋಪ್‌ಗೆ 0.8 ರೆಡ್ಯೂಸರ್ ಹಾಕಿ ಹಳೇ 400 ಬಿಟ್ರೂ ಇದೇ ಕಥೆ. ಅಲ್ಲಿ 320 ಅಂತ ಬರೀಬೇಕು.

ಲೆನ್ಸ್ ಮೇಲೆ ಬರೆದಿರೋ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಹಳೇ ಫೋಟೋ ಒಂದನ್ನ ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಹಾಕಿ. ಅದು ಯಾವ ಸುಳಿವೂ ಇಲ್ಲದೆ ಹುಡುಕಿ, ಪಿಕ್ಸೆಲ್ ಸ್ಕೇಲ್ ಕೊಡುತ್ತೆ. 3.7 ಬಂತು ಅಂದ್ರೆ ನಿಮ್ಮ ಫೋಕಲ್ ಲೆಂತ್ ನಿಜವಾಗಿ 240. ಆದ್ರೆ ಮೂಲ ಫೈಲೇ ಹಾಕಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಕುಗ್ಗಿರುತ್ತೆ, ಲೆಕ್ಕ ತಪ್ಪುತ್ತೆ.

ಈಗ ನೀನಾ ಸಾಫ್ಟ್‌ವೇರ್ ತೆಗೆದು, ಆಪ್ಷನ್ಸ್‌ನಲ್ಲಿ ಫೋಕಲ್ ಲೆಂತ್, ಪಿಕ್ಸೆಲ್ ಸೈಜ್ ಸರಿ ಮಾಡಿ. ಪ್ಲೇಟ್ ಸಾಲ್ವರ್ ಆಗಿ ಉಚಿತವಾಗಿ ಸಿಗೋ ಆಸ್ಟ್ಯಾಪ್ ಆರಿಸಿ. ಇದರ ನಕ್ಷತ್ರ ಡೇಟಾಬೇಸ್ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಮೂರ್ನಾಲ್ಕು ಡಿಗ್ರಿಯ ಫೋಟೋಗೆ ಡಿ50 ಸಾಕು. ಒಮ್ಮೆ ಇಳಿಸಿಕೊಂಡ್ರೆ ಇಂಟರ್ನೆಟ್ ಬೇಡ. ನೆಟ್‌ವರ್ಕ್ ಸಿಗದ ಬೆಟ್ಟದ ಮೇಲೆ ಇದೇ ದೊಡ್ಡ ಅನುಕೂಲ.

ಇನ್ನೊಂದು ಮುಖ್ಯ ವಿಷಯ ಸಮಯ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಮೌಂಟ್ ಇದನ್ನ ತಪ್ಪಾಗಿ ತಗೊಂಡ್ರೆ, ಗಂಟೆಗೆ 15 ಡಿಗ್ರಿ ಲೆಕ್ಕದಲ್ಲಿ 82.5 ಡಿಗ್ರಿ ಎಡವಟ್ಟು. ಸರ್ಚ್ ರೇಡಿಯಸ್ 30 ಡಿಗ್ರಿ ಇದ್ರೆ ಉತ್ತರ ಅದರೊಳಗೆ ಇರೋದೇ ಇಲ್ಲ. ಟೈಮ್ ಝೋನ್ ಜೊತೆಗೆ ರೇಖಾಂಶವನ್ನೂ ನೋಡಿ. ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವ, ಪಶ್ಚಿಮ ಅಲ್ಲ.

ಇದೆಲ್ಲಾ ಮಧ್ಯಾಹ್ನ ಮನೆಯಲ್ಲೇ ಕೂತು, ಹಳೇ ಫೋಟೋ ಕೊಟ್ಟು ಟೆಸ್ಟ್ ಮಾಡ್ಕೊಳ್ಳಿ. ಅಲ್ಲಿ ಸಾಲ್ವ್ ಆಗಿ, ಹೊಲದಲ್ಲಿ ಆಗಲಿಲ್ಲ ಅಂದ್ರೆ ಸೆಟ್ಟಿಂಗ್ ಮುಟ್ಟಬೇಡಿ. ಫೋಕಸ್ ನೋಡಿ, ತೆಳು ಮೋಡ ಇದ್ಯಾ ನೋಡಿ, ಲೆನ್ಸ್ ಮೇಲೆ ಇಬ್ಬನಿ ಕೂತಿದ್ಯಾ ನೋಡಿ.