ಎರಡೂವರೆ ಚಮಚದಲ್ಲಿ ಒಂದು ಜಿಲ್ಲೆ

2011ರ ಜನಗಣತಿಯ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12.55 ಲಕ್ಷ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಎಲ್ಲವೂ ಸೇರಿ. ತಿಂಗಳುಗಟ್ಟಲೆ ಮೂತ್ರದ ಪೈಪು (ಕ್ಯಾತಿಟರ್) ಹಾಕಿಸಿಕೊಂಡವರ ಒಂದೇ ಮಿಲಿಲೀಟರ್ ಮೂತ್ರದಲ್ಲಿ ಲಕ್ಷ ಬ್ಯಾಕ್ಟೀರಿಯ ಸಿಗುವುದು ಮಾಮೂಲು. ಆ ಲೆಕ್ಕದಲ್ಲಿ ಎರಡೂವರೆ ಚಮಚಕ್ಕೆ ಇಡೀ ಜಿಲ್ಲೆ ಬಂತು. ದಿನಕ್ಕೆ ಒಂದೂವರೆ ಲೀಟರ್ ಅಂದರೂ ಪೈಪಿನ ತುದಿಯ ಬ್ಯಾಗಿಗೆ ಇಳಿಯುವುದು 15 ಕೋಟಿ. ಎರಡು ಕರ್ನಾಟಕ ತುಂಬಿಸಿ ಇನ್ನೂ ಮಿಗುತ್ತದೆ.

ಇವು ಒಳಹೋಗುವ ದಾರಿ ಮಾತ್ರ ಬಲು ಸಣ್ಣದು. 16 ನಂಬರ್ ಪೈಪಿನ ದಪ್ಪ 5.3 ಮಿಲಿಮೀಟರ್. ಪ್ರಾಸ್ಟೇಟ್ ಊದಿಕೊಂಡವರು, ಪಾರ್ಶ್ವವಾಯು ಹೊಡೆದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಇವರಲ್ಲಿ ಹಲವರಿಗೆ ಅದಿಲ್ಲದೆ ಗತಿಯಿಲ್ಲ. ಇ. ಕೋಲಿ ಬ್ಯಾಕ್ಟೀರಿಯದ ಉದ್ದ ಮಿಲಿಮೀಟರಿನ ಐನೂರನೇ ಒಂದು ಪಾಲು. ಅದಕ್ಕೆ ಆ ಪೈಪು ಹೆದ್ದಾರಿ.

ಬೆಳವಣಿಗೆ ಅಂದರೇನು ಅಂತ ರೇಷ್ಮೆ ಸಾಕುವ ಶಿಡ್ಲಘಟ್ಟದವರಿಗೆ ಹೇಳಿಕೊಡಬೇಕಿಲ್ಲ. ಮೊಟ್ಟೆಯೊಡೆದ ರೇಷ್ಮೆಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ, 25 ದಿನ ಸೊಪ್ಪು ಮೇದು, ಹತ್ತು ಸಾವಿರ ಪಟ್ಟು ತೂಗುತ್ತದೆ. ಅನುಕೂಲ ಸಿಕ್ಕ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಹತ್ತು ಸಾವಿರವಾಗಲು ನಾಲ್ಕೂವರೆ ಗಂಟೆ ಸಾಕು, ಎಂಟು ಗಂಟೆಗೆ 1 ಕೋಟಿ 67 ಲಕ್ಷ. ಮೂತ್ರದಲ್ಲಿ ವೇಗ ಇಷ್ಟಿರುವುದಿಲ್ಲ, ಹಾಗಂತ ನಿಧಾನವೂ ಅಲ್ಲ. ಗಂಟುರೋಗ, ಹಾಲುತೊಂಡೆಯಂಥ ಹುಳುರೋಗಗಳಿಗೆ ಹೆದರಿ ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವವರು, ಕೈಕಾಲು ತೊಳೆಯದೆ ಒಳಗೆ ಬಂದವರನ್ನು ಗದರಿಸುವವರು, ಅದೇ ಮನೆಯ ಹಜಾರದಲ್ಲಿ ತಾತನ ಬ್ಯಾಗನ್ನು ಬರಿಗೈಲಿ ಖಾಲಿ ಮಾಡುತ್ತಾರೆ. ನನಗೆ ಇದು ಆ ಕೋಟಿಗಳಿಗಿಂತ ದೊಡ್ಡ ಸೋಜಿಗ.

ಹಿಂದೆ ಪೈಪಿನ ತುದಿಯನ್ನು ತೆರೆದ ಬಾಟಲಿಗೆ ಬಿಡುತ್ತಿದ್ದರು. ನಾಲ್ಕೇ ದಿನಕ್ಕೆ ಹೆಚ್ಚುಕಮ್ಮಿ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯ. 1960ರ ದಶಕದಲ್ಲಿ ಪೈಪಿನಿಂದ ಬ್ಯಾಗಿನವರೆಗೆ ಎಲ್ಲೂ ಬಾಯಿ ತೆರೆಯದ ವ್ಯವಸ್ಥೆ ರೂಢಿಗೆ ಬಂದ ಮೇಲೆ ನಾಲ್ಕು ದಿನದ ಗಡುವು ಸುಮಾರು 30 ದಿನಕ್ಕೆ ಹೋಯಿತು. ಹೊಸ ಔಷಧಿ ಏನೂ ಬರಲಿಲ್ಲ, ಬಾಯಿ ಮುಚ್ಚಿದ್ದಷ್ಟೇ. ಈಗಲೂ ದಿನಕ್ಕೆ ನೂರರಲ್ಲಿ 3ರಿಂದ 7 ಮಂದಿಗೆ ಹೊಸದಾಗಿ ಬ್ಯಾಕ್ಟೀರಿಯ ಸೇರುತ್ತದೆ. 5 ಅಂತ ಹಿಡಿದರೆ ಎರಡು ವಾರಕ್ಕೆ ಅರ್ಧ ಮಂದಿಗೆ ಬ್ಯಾಕ್ಟೀರಿಯ ಸೇರಿದಂತಾಯಿತು. ಪೈಪು ಮತ್ತು ಬ್ಯಾಗಿನ ನಡುವಿನ ಜಾಯಿಂಟನ್ನು ಸ್ನಾನಕ್ಕೊಮ್ಮೆ, ಬಟ್ಟೆ ಬದಲಿಸಲು ಇನ್ನೊಮ್ಮೆ ಬಿಚ್ಚಿದರೆ ಮತ್ತೆ ಆ ಹಳೇ ಬಾಟಲಿಯ ಕಾಲಕ್ಕೇ ಹೋದಂತೆ.

ಚಿಂತಾಮಣಿಯಿಂದ ಬೆಂಗಳೂರಿಗೆ ತೋರಿಸಲು ಹೊರಟವರು ಬಸ್ಸಿನಲ್ಲಿ ಬ್ಯಾಗನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ನಾಚಿಕೆ, ಪಾಪ. ಬ್ಯಾಗು ಮೂತ್ರಕೋಶಕ್ಕಿಂತ ಮೇಲೆ ಬಂದರೆ ಇಳಿದದ್ದು ವಾಪಸು ಹರಿಯಬಹುದು. ಹೊರಡುವ ಮುಂಚೆ ಖಾಲಿ ಮಾಡಿ, ಸೀಟಿನ ಪಕ್ಕ ಕೆಳಗೆ, ನೆಲಕ್ಕೆ ತಾಗದಂತೆ ನೇತುಹಾಕಿದರೆ ಆಯಿತು.

ಇಷ್ಟೆಲ್ಲ ಓದಿ ಲ್ಯಾಬಿಗೆ ಓಡಬೇಡಿ. ರಿಪೋರ್ಟಿನಲ್ಲಿ ‘1 ಲಕ್ಷಕ್ಕಿಂತ ಹೆಚ್ಚು’ ಅಂತ ಬಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ, ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯಾಟಿಕ್ ಬರುತ್ತದೆ. ಜ್ವರ, ಚಳಿನಡುಕ, ಪಕ್ಕೆನೋವು, ಇದ್ದಕ್ಕಿದ್ದಂತೆ ಮಂಕು ಯಾವುದೂ ಇಲ್ಲದಿದ್ದರೆ ಆ ಲಕ್ಷಕ್ಕೆ ಸಾಮಾನ್ಯವಾಗಿ ಔಷಧಿ ಬೇಡ. ಪೈಪಿನ ಒಳಗೋಡೆಯ ಲೋಳೆಯಲ್ಲಿ ಅಂಟಿ ಕೂತ ಬ್ಯಾಕ್ಟೀರಿಯ, ತೇಲುತ್ತಿರುವುದಕ್ಕಿಂತ ಸಾವಿರ ಪಟ್ಟಿನವರೆಗೂ ಔಷಧಿ ತಾಳಿಕೊಳ್ಳಬಲ್ಲದು. ಸುಮ್ಮನೆ ನುಂಗಿದ ಮಾತ್ರೆಗೆ ಮೆತ್ತನೆಯವು ಸತ್ತು ಗಟ್ಟಿಪಿಂಡಗಳು ಉಳಿಯುತ್ತವೆ. ಮೇಲೆ ಹೇಳಿದ ಯಾವುದೇ ಲಕ್ಷಣ ಕಂಡರೆ ಅಥವಾ ಪೈಪು ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪೈಪು ಹಾಕಿ ಎರಡು ವಾರ ದಾಟಿದ್ದರೆ ಅಲ್ಲಿ ಮೊದಲು ಅದನ್ನು ಬದಲಿಸಿ, ಹೊಸ ಪೈಪಿನಿಂದ ಇಳಿದ ಮೂತ್ರವನ್ನೇ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಬ್ಯಾಗಿನಲ್ಲಿ ನಿಂತದ್ದನ್ನು ಕಳಿಸಿದರೆ ಎಣಿಕೆ ಆಗುವುದು ಬ್ಯಾಗಿನದ್ದು, ರೋಗಿಯದ್ದಲ್ಲ.