ಹಾಡು ಕೇಳಿದ್ದು ಯಾರು?

ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ 1942ರಲ್ಲಿ ತಮ್ಮೂರು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ಕೂರಿಸಿದ್ದರು. ಆ ಬಂಡಾಯದ ಬೆಲೆಯಾಗಿ ಮರುವರ್ಷ ಮಾರ್ಚ್‌ನಲ್ಲಿ ಊರಿನ ಐವರು ಗಲ್ಲಿಗೇರಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಅಂದಿನ ಘೋಷಣೆ ಶಿವಮೊಗ್ಗ ಸೀಮೆಯಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಈ ಕಥೆಯನ್ನು ಸ್ಥಳೀಯ ತಂಡವೊಂದು ಲಾವಣಿಯಾಗಿ ಹಾಡಿ ಸ್ಪಾಟಿಫೈನಂಥ ಸೇವೆಗೆ ಏರಿಸಿದೆ ಎಂದುಕೊಳ್ಳಿ. ಆಗಸ್ಟ್ 15ರ ಕಾರ್ಯಕ್ರಮಕ್ಕೆ ಶಾಲೆಯ ಮಕ್ಕಳು ಅದಕ್ಕೆ ಹೆಜ್ಜೆ ಹಾಕಬೇಕು. ಮೇಷ್ಟರ ಮೊಬೈಲು, ಒಂದು ಬ್ಲೂಟೂತ್ ಸ್ಪೀಕರು. ಎರಡು ವಾರ, ದಿನಕ್ಕೆ ಹತ್ತಿಪ್ಪತ್ತು ಸಲ ಅದೇ ಹಾಡು.

ದೂರದ ಸರ್ವರ್‌ಗೆ ಇದು ಹೇಗೆ ಕಂಡೀತು? ಒಂದೇ ಖಾತೆ, ಒಂದೇ ಫೋನು, ಯಾರೂ ಹೆಸರು ಕೇಳಿರದ ಒಂದೇ ಹಾಡು, ನೂರಾರು ಪ್ಲೇ. ಯಾರೂ ಕೇಳದಿದ್ದರೂ ಹಣಕ್ಕಾಗಿ ಹಾಡು ಓಡಿಸುವ ಸುಳ್ಳು ಪ್ಲೇಗಳ ದಂಧೆಯ ಚಹರೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ಸುಳ್ಳು ಪ್ಲೇ ಹಿಡಿಯುವ ಯಂತ್ರದ ನಿಜವಾದ ಪರೀಕ್ಷೆ ನಡೆಯುವುದು ಇಂಥ ಶಾಲೆಯಂಗಳದಲ್ಲಿ ಎಂದು ನಾನು ನಂಬಿದ್ದೇನೆ.

ಮೊದಲು ದಂಧೆಯ ಲೆಕ್ಕ ನೋಡೋಣ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಒಂದು ಪ್ಲೇ ಎಂದು ದಾಖಲಾಗುತ್ತದೆ. ಹೆಚ್ಚಿನ ಸೇವೆಗಳು ತಿಂಗಳ ಚಂದಾ ಮತ್ತು ಜಾಹೀರಾತಿನ ಹಣವನ್ನು ಒಂದೆಡೆ ಸೇರಿಸಿ, ತಮ್ಮ ಪಾಲು ತೆಗೆದು, ಉಳಿದದ್ದನ್ನು ಪ್ಲೇ ಸಂಖ್ಯೆಗೆ ತಕ್ಕಂತೆ ಹಂಚುತ್ತವೆ. ಸುಗ್ಗಿಯ ಕಣದಲ್ಲಿ ರಾಶಿಯನ್ನು ಕೊಳಗದಲ್ಲಿ ಅಳೆದು ಹಂಚಿದ ಹಾಗೆ. ರಾಶಿ ಇರುವುದೇ ಅಷ್ಟು. ಯಾರೋ ಸುಳ್ಳು ಲೆಕ್ಕ ತೋರಿಸಿ ನಾಲ್ಕು ಕೊಳಗ ಹೊತ್ತೊಯ್ದರೆ ಅಷ್ಟೂ ಉಳಿದ ಹಾಡುಗಾರರ ಪಾಲಿನಿಂದಲೇ ಹೋಗುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸರ್ಕಾರಿ ವಕೀಲರು ನಾರ್ತ್ ಕೆರೊಲಿನಾದ ಮೈಕೆಲ್ ಸ್ಮಿತ್ ಎಂಬಾತನ ಮೇಲೆ ನ್ಯೂಯಾರ್ಕ್‌ನಲ್ಲಿ ಆರೋಪಪಟ್ಟಿ ಹಾಕಿದರು. ಆತನದೇ ಲೆಕ್ಕವೊಂದು ಅದರಲ್ಲಿ ಉಲ್ಲೇಖವಾಗಿದೆ. 52 ಕ್ಲೌಡ್ ಖಾತೆಗಳು, ಒಂದೊಂದರಲ್ಲೂ 20 ಬಾಟ್ (ತಾನಾಗಿಯೇ ಹಾಡು ಓಡಿಸುವ ಖಾತೆ), ಅಂದರೆ ಒಟ್ಟು 1,040 ನಕಲಿ ಕೇಳುಗರು. ಒಂದೊಂದು ಬಾಟ್ ದಿನಕ್ಕೆ 636 ಹಾಡು ಓಡಿಸುತ್ತದೆ. ಒಟ್ಟು 6,61,440 ಪ್ಲೇ. ಪ್ಲೇಗೆ ಅರ್ಧ ಸೆಂಟಿನಂತೆ ದಿನಕ್ಕೆ 3,307 ಡಾಲರ್! ಕೃತಕ ಬುದ್ಧಿಮತ್ತೆಯಿಂದ ಹಾಡುಗಳನ್ನು ಲಕ್ಷಗಟ್ಟಲೆ ತಯಾರಿಸಿ, ಪ್ಲೇಗಳನ್ನು ಅವುಗಳ ಮೇಲೆ ತೆಳುವಾಗಿ ಹರಡಿದ್ದೇ ಆತನ ಉಪಾಯ ಎಂದು ಆರೋಪಪಟ್ಟಿ ಹೇಳುತ್ತದೆ. ಒಂದೇ ಹಾಡು ಕೋಟಿ ಸಲ ಓಡಿದರೆ ಯಾರಾದರೂ ತಿರುಗಿ ನೋಡುತ್ತಾರೆ; ಲಕ್ಷ ಹಾಡುಗಳು ನೂರು ನೂರು ಸಲ ಓಡಿದರೆ ಯಾರು ನೋಡುತ್ತಾರೆ? ಹೀಗೆ ಕೆಲವೇ ವರ್ಷಗಳಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚು ರಾಯಲ್ಟಿ ಸಂದಾಯವಾಗಿತ್ತು ಎಂಬುದು ಅಂದಿನ ಆರೋಪ.

ಆ 636ರ ಅಂಕಿಯನ್ನೇ ಹತ್ತಿರದಿಂದ ನೋಡಿ. ದಿನಕ್ಕೆ 86,400 ಸೆಕೆಂಡ್. ಭಾಗಿಸಿದರೆ ಹಾಡಿಗೆ 136 ಸೆಕೆಂಡ್ ಬರುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಬಿಡುವಿಲ್ಲ, ನಿದ್ದೆಯಿಲ್ಲ, ಊಟವಿಲ್ಲ. ಹಿಡಿಯುವ ಯಂತ್ರಕ್ಕೆ ಸಿಗುವ ಮೊದಲ ಸುಳಿವು ಇದು. ನಾವು ಹಾಡು ಒತ್ತಿದಾಗಲೆಲ್ಲ ಆ್ಯಪ್ ಒಂದು ಸಾಲು ಬರೆದುಕೊಳ್ಳುತ್ತದೆ: ಎಷ್ಟು ಹೊತ್ತಿಗೆ ಶುರು, ಎಲ್ಲಿ ನಿಂತಿತು, ಎಲ್ಲಿಗೆ ಜಿಗಿಯಿತು, ಹುಡುಕಿ ಬಂದದ್ದೋ ಪ್ಲೇಲಿಸ್ಟ್‌ನಿಂದ ಬಂದದ್ದೋ, ಯಾವ ಫೋನು, ಯಾವ ಐಪಿ ವಿಳಾಸ (ಜಾಲದಲ್ಲಿ ಫೋನಿನ ಗುರುತು). ಸಾವಿರಾರು ಜನರ ಸಾಲುಗಳನ್ನು ಗಂಟೆವಾರು ಜೋಡಿಸಿದರೆ ಬೆಳಿಗ್ಗೆ ಏರಿ, ಸಂಜೆ ಮತ್ತೆ ಏರಿ, ನಡುರಾತ್ರಿ ಕಳೆದ ಮೇಲೆ ಕುಸಿಯುವ ಒಂದು ರೇಖೆ ಮೂಡುತ್ತದೆ. ಬಾಟ್‌ಗಳ ರೇಖೆ ಚಪ್ಪಟೆ. ಇನ್ನೊಂದು ಸುಳಿವು, ಹಾಡು ಎಲ್ಲಿ ನಿಲ್ಲುತ್ತದೆ ಎಂಬುದು. ಮನುಷ್ಯರು ಬೇಸರವಾದರೆ ಐದನೆಯ ಸೆಕೆಂಡಿಗೇ ಮುಂದೆ ಹೋಗುತ್ತಾರೆ, ಹಿಡಿಸಿದರೆ ಕೊನೆತನಕ ಕೂರುತ್ತಾರೆ. ಪ್ಲೇಗಳೆಲ್ಲ 31, 32ನೇ ಸೆಕೆಂಡಿಗೆ ಕಡಿದುಬಿದ್ದಿದ್ದರೆ ಅಲ್ಲಿ ಹಣ ಎಣಿಸುವವರಿದ್ದಾರೆ ಎಂದರ್ಥ.

ಜಾಣ ದಂಧೆಕೋರರು ಇದನ್ನೂ ಕಲಿತಿದ್ದಾರೆ. ಬಾಟ್‌ಗೆ ನಿದ್ದೆ ಕಲಿಸುತ್ತಾರೆ, ನಡುನಡುವೆ ಹೆಸರಾಂತ ಹಾಡುಗಳನ್ನೂ ಓಡಿಸುತ್ತಾರೆ. ಆಗ ಖಾತೆಗಳನ್ನು ಒಂದೊಂದಾಗಿ ನೋಡಿ ಪ್ರಯೋಜನವಿಲ್ಲ, ಗುಂಪನ್ನೇ ನೋಡಬೇಕು. ಖಾತೆಗಳನ್ನು ಒಂದು ಕಡೆ, ಹಾಡುಗಳನ್ನು ಇನ್ನೊಂದು ಕಡೆ ಬರೆದು, ಯಾರು ಯಾವುದನ್ನು ಕೇಳಿದರೋ ಅದಕ್ಕೆ ಗೆರೆ ಎಳೆಯಿರಿ. ಮನುಷ್ಯರ ಅಭಿರುಚಿಯ ಗೆರೆಗಳು ಅಡ್ಡಾದಿಡ್ಡಿ ಹೋಗುತ್ತವೆ. ರಾಜಕುಮಾರ್ ಹಾಡು ಕೇಳುವ ಇಬ್ಬರಲ್ಲಿ ಒಬ್ಬರು ವಚನಕ್ಕೆ, ಇನ್ನೊಬ್ಬರು ರ‍್ಯಾಪ್‌ಗೆ ಹೋಗಿರುತ್ತಾರೆ. ದಂಧೆಕೋರರ ಬಾಡಿಗೆಯ ಸಾವಿರ ಖಾತೆಗಳಾದರೋ ಹಣ ಕೊಟ್ಟ ಗಿರಾಕಿಗಳ ಅದೇ ಇನ್ನೂರು ಹಾಡುಗಳಿಗೆ ಗಂಟುಬಿದ್ದಿರುತ್ತವೆ. ಆ ದಟ್ಟ ಗಂಟು ಚಿತ್ರದಲ್ಲಿ ಎದ್ದು ಕಾಣುತ್ತದೆ.

ಈಗ ಶಾಲೆಯಂಗಳದ ಫೋನು. ಅದರ ಸಾಲುಗಳಲ್ಲಿ ಹಾಡು ಪದೇ ಪದೇ ಎರಡನೇ ಚರಣದಲ್ಲಿ ನಿಲ್ಲುತ್ತದೆ, ಏಕೆಂದರೆ ಮಕ್ಕಳು ತಪ್ಪುವುದು ಅಲ್ಲೇ. ಹಿಂದಕ್ಕೆಳೆದು ಮತ್ತೆ ಹಚ್ಚುತ್ತಾರೆ. ನಡುವೆ ಕರೆ ಬರುತ್ತದೆ. ಭಾನುವಾರ ಮೌನ. ರಾತ್ರಿ ಮೇಷ್ಟರು ಭಾವಗೀತೆ ಕೇಳಿರುತ್ತಾರೆ. ಈ ಅಂಕುಡೊಂಕುಗಳನ್ನೇ ಓದಲು ಕಲಿತ ಯಂತ್ರ ಇದು ಮನುಷ್ಯರ ಕೆಲಸವೆಂದು ತಿಳಿಯಬಲ್ಲದು. ಬರೀ ಪ್ಲೇ ಎಣಿಸಿ ಮಿತಿ ಹಾಕುವ ಒರಟು ಯಂತ್ರಕ್ಕೆ ತಿಳಿಯದು.

ಹಳ್ಳಿಯ ಕೇಳುಗರಿಗೆ ಇನ್ನೊಂದು ತೊಡಕಿದೆ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಐಪಿ ವಿಳಾಸದ ಹಿಂದೆ ಇರಿಸುವುದು ಸಾಮಾನ್ಯ. ಉದಾಹರಣೆಗೆ, ಸೊರಬ, ಸಾಗರ, ತೀರ್ಥಹಳ್ಳಿ ಕಡೆ ದೀಪಾವಳಿಗೆ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ಆ ಪದಗಳ ಧ್ವನಿಮುದ್ರಣವನ್ನು ಹಬ್ಬದ ಮೂರು ದಿನ, ಮೂರೇ ತಾಲ್ಲೂಕಿನ ಜನ, ಅಪರಾತ್ರಿಯಲ್ಲಿ ಕೇಳಿದರೆ ಸಮಯ, ಜಾಗ, ಐಪಿ ಮೂರೂ ಅನುಮಾನಕ್ಕೆ ಎಡೆಕೊಡುತ್ತವೆ. ಹಬ್ಬದ ಪಂಚಾಂಗ ಯಂತ್ರಕ್ಕೆ ಗೊತ್ತಿರಬೇಕು. ಹಾಗೆ ಕಲಿಸುವ ಹೊಣೆ ಸೇವೆಗಳದು. ಅದನ್ನು ಕೇಳುವ ಹಕ್ಕು ನಮ್ಮದು.

ತಪ್ಪು ಹಿಡಿತದ ಪೆಟ್ಟು ಬೀಳುವುದು ಸಣ್ಣವರಿಗೇ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಪ್ಲೇ ಆಗದ ಹಾಡಿಗೆ ರಾಯಲ್ಟಿ ಇಲ್ಲ. ಢಾಳಾದ ನಕಲಿ ಪ್ಲೇ ಕಂಡರೆ ಲೇಬಲ್ ಅಥವಾ ವಿತರಕರಿಗೆ ಹಾಡಿನ ಲೆಕ್ಕದಲ್ಲಿ ದಂಡವೂ ಇದೆ. ಕೆಲವು ವಿತರಕರು ಅದನ್ನು ಕಲಾವಿದರಿಗೇ ದಾಟಿಸುತ್ತಾರೆ. ಸಾವಿರದ ಗೆರೆಯ ಹತ್ತಿರ ನಿಂತ ಹಾಡುಗಾರರಿಗೆ ‘ಪ್ರಚಾರ ಮಾಡಿಕೊಡುತ್ತೇವೆ’ ಎಂಬ ಸಂದೇಶ ಬರುತ್ತದೆ. ಹಣ ಕೊಟ್ಟರೆ ಹಾಡು ಬಾಟ್‌ಗಳ ಪ್ಲೇಲಿಸ್ಟ್ ಸೇರುತ್ತದೆ, ಆಮೇಲೆ ನಕಲಿ ಪ್ಲೇ ಪತ್ತೆಯಾಗಿ ಹಾಡೇ ಮಾಯವಾಗುತ್ತದೆ. ತಾವು ಕೋರದಿದ್ದರೂ ಅಂಥ ಪ್ಲೇಲಿಸ್ಟ್‌ಗೆ ಸೇರಿಸಲ್ಪಟ್ಟವರಿಗೂ ಇದೇ ಗತಿ ಬಂದದ್ದಿದೆ. ಫ್ರಾನ್ಸ್‌ನ ರಾಷ್ಟ್ರೀಯ ಸಂಗೀತ ಕೇಂದ್ರ 2021ರ ಅಂಕಿಗಳನ್ನು ಜಾಲಾಡಿದಾಗ, ಆ ದೇಶದ ಒಟ್ಟು ಪ್ಲೇಗಳಲ್ಲಿ ಶೇ 1ರಿಂದ 3ರಷ್ಟು ನಕಲಿ ಎಂದು ಕಂಡುಬಂತು. ಅವು ಹೆಚ್ಚಾಗಿ ಸಿಕ್ಕಿದ್ದು ಕಡಿಮೆ ಕೇಳುವ ಹಾಡುಗಳಲ್ಲಿ.

ಮೋಸ ತಡೆಯಲು ಹಣ ಹಂಚುವ ರೀತಿಯನ್ನೇ ಬದಲಿಸುವುದು ಇನ್ನೊಂದು ದಾರಿ. ನನಗೆ ಹೆಚ್ಚು ಹಿಡಿಸಿರುವುದೂ ಅದೇ. ಸೌಂಡ್‌ಕ್ಲೌಡ್ 2021ರಲ್ಲಿ ಇದನ್ನು ಸ್ವತಂತ್ರ ಕಲಾವಿದರಿಗೆ ಜಾರಿಗೆ ತಂದಿತು: ಒಬ್ಬ ಕೇಳುಗನ ಹಣ ಆತ ಕೇಳಿದ ಹಾಡುಗಳಿಗೆ ಮಾತ್ರ. ಲೆಕ್ಕ ಹಾಕಿ ನೋಡಿ. ಹಣವೆಲ್ಲ ಒಂದೆಡೆ ಸೇರುವ ಪದ್ಧತಿಯಲ್ಲಿ ದಿನಕ್ಕೆ 636 ಹಾಡು ಓಡಿಸುವ ಬಾಟ್, 10 ಡಾಲರ್ ಚಂದಾ ಕಟ್ಟಿ ತಿಂಗಳಿಗೆ ಸುಮಾರು 95 ಡಾಲರ್ ಎಳೆದುಕೊಳ್ಳುತ್ತದೆ. ಹೊಸ ಪದ್ಧತಿಯಲ್ಲಿ ಅದೇ ಬಾಟ್ ಎಷ್ಟೇ ಓಡಿಸಲಿ, ತಾನು ಕಟ್ಟಿದ 10 ಡಾಲರ್‌ನಲ್ಲಿ ಕಂಪನಿಯ ಪಾಲು ಕಳೆದು ಉಳಿದದ್ದಷ್ಟೇ ಅದಕ್ಕೆ ವಾಪಸು. ದಂಧೆ ನಷ್ಟಕ್ಕೆ ಬೀಳುತ್ತದೆ. ತಿಂಗಳಿಡೀ ಒಂದೇ ಲಾವಣಿ ಕೇಳಿದವರ ಹಣದಲ್ಲಿ ಹಾಗೆ ಉಳಿದದ್ದು ಪೂರ್ತಿ ಆ ಲಾವಣಿ ತಂಡಕ್ಕೆ ಸೇರುತ್ತದೆ. ಕದ್ದ ಖಾತೆಗಳ ಮೂಲಕ ನಡೆಯುವ ಮೋಸ ಮಾತ್ರ ಇದಕ್ಕೂ ಬಗ್ಗದು. ಅಲ್ಲಿ ಚಂದಾ ಕಟ್ಟುತ್ತಿರುವವರು ನಿಜವಾದ ಮನುಷ್ಯರು, ಕೇಳುತ್ತಿರುವುದು ಬಾಟ್. ಅದನ್ನು ಹಿಡಿಯಲು ಆ ಮನುಷ್ಯರ ಹಳೆಯ ಅಭ್ಯಾಸಕ್ಕೂ ಹೊಸ ಪ್ಲೇಗಳಿಗೂ ತಾಳೆ ನೋಡುವ ಯಂತ್ರ ಬೇಕೇ ಬೇಕು.