ಪದವಿಯ ನಂತರದ 18 ತಿಂಗಳು: ವಿದೇಶದಲ್ಲಿ ಓದುವ ಮಕ್ಕಳ ಪೋಷಕರ ಗಮನಕ್ಕೆ

ವಿದೇಶದಲ್ಲಿ ಓದಲು ನೆರವು ಕೋರಿ ಬರುವ ಕುಟುಂಬಗಳು ನಮ್ಮಲ್ಲಿ ವಿಚಾರಿಸುವುದು ಹೆಚ್ಚಾಗಿ ಸೀಟು, ಶುಲ್ಕ ಮತ್ತು ವೀಸಾ ಬಗ್ಗೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಆ ದೇಶ ಎಷ್ಟು ಕಾಲಾವಕಾಶ ಕೊಡುತ್ತದೆ ಎಂದು ಕೇಳುವವರು ಕಡಿಮೆ. ಒಡವೆ ಅಡವಿಟ್ಟು ಮಕ್ಕಳನ್ನು ಕಳುಹಿಸುವ ಮನೆಯ ಸಾಲ ತೀರುವುದು ಈ ಪ್ರಶ್ನೆಯ ಉತ್ತರದ ಮೇಲೆಯೇ ನಿಂತಿದೆ.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪದವಿಯ ನಂತರ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಓದಿದವರು ಇನ್ನೂ 24 ತಿಂಗಳಿಗೆ ಅರ್ಜಿ ಹಾಕಬಹುದು. ಆದರೆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದ ಜರ್ಮನಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸುತ್ತೇವೆ.

ಗಡುವು: ಜರ್ಮನಿಯಲ್ಲಿ ಪದವಿ ಪಡೆದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ವಾಸದ ಅನುಮತಿ ಸಿಗುತ್ತದೆ. ವಿದ್ಯಾರ್ಥಿ ಅನುಮತಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ಈ ಅವಧಿಯಲ್ಲಿ ಯಾವ ಕೆಲಸವನ್ನೂ ಮಾಡಬಹುದು. ಆದರೆ ಮುಂದೆ ಉದ್ಯೋಗದ ಮೇಲೆ ಅಲ್ಲಿ ಉಳಿಯಲು ವಿದ್ಯಾರ್ಹತೆ ಬೇಡುವ ಕೆಲಸವೇ ಬೇಕು. ಗೋದಾಮು, ಹೋಟೆಲುಗಳ ಸಾಮಾನ್ಯ ಕೆಲಸ ಅದಕ್ಕೆ ಸಾಲದು.

ತೊಂದರೆ ಇರುವುದು ಇಲ್ಲಿಯೇ. "ಹಣ ಯಾವಾಗ ಕಳಿಸುತ್ತೀ?" ಎಂದು ಮನೆಯವರು ಮೊದಲ ತಿಂಗಳಿನಿಂದಲೇ ಕೇಳತೊಡಗಿದರೆ, ಮಕ್ಕಳು ಕೈಗೆ ಸಿಕ್ಕಿದ ಕೂಲಿಗೆ ದಿನವಿಡೀ ದುಡಿಯುತ್ತಾರೆ. ಅರ್ಜಿ ಬರೆಯಲು, ಸಂದರ್ಶನಕ್ಕೆ ಹೋಗಲು ಸಮಯ ಉಳಿಯುವುದಿಲ್ಲ. ಗಡುವು ಮಾತ್ರ ಕರಗುತ್ತಾ ಹೋಗುತ್ತದೆ.

ಓದುವಾಗಲೇ ತಯಾರಿ: 2024ರ ಮಾರ್ಚ್‌ನಿಂದ ಅಲ್ಲಿನ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಆ ದಿನಗಳನ್ನು ತಮ್ಮ ವಿಷಯಕ್ಕೆ ಸೇರಿದ ಕಂಪನಿಯಲ್ಲೋ ಪ್ರಯೋಗಾಲಯದಲ್ಲೋ ಕಳೆದವರಿಗೆ ಅನುಭವದ ಪತ್ರವೂ ಪರಿಚಯವೂ ಸಿಗುತ್ತದೆ.

ಭಾಷೆ: ಪಾಠ ಇಂಗ್ಲಿಷಿನಲ್ಲಿದ್ದರೂ ಅನೇಕ ಕಚೇರಿಗಳ ವ್ಯವಹಾರ ಜರ್ಮನ್‌ನಲ್ಲಿ. ಅಲ್ಲಿಯೇ ಪದವಿ ಪಡೆದು ಎರಡು ವರ್ಷ ಅರ್ಹ ಉದ್ಯೋಗದಲ್ಲಿದ್ದವರು ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅದಕ್ಕೂ ಬಿ1 ಮಟ್ಟದ ಜರ್ಮನ್ ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಹೊರಡುವ ಮೊದಲೇ ಕಲಿಕೆ ಆರಂಭಿಸಬಹುದು.

ಅರ್ಜಿದಾರರಿಗೆ ಸೂಚನೆ: ಈ ಸಾಲಿನಿಂದ ವಿದೇಶ ವ್ಯಾಸಂಗದ ಅರ್ಜಿಯೊಂದಿಗೆ ಒಂದು ಪುಟ ಹೆಚ್ಚು ಕೇಳುತ್ತಿದ್ದೇವೆ. ಪದವಿಯ ನಂತರ ಎಷ್ಟು ತಿಂಗಳ ಅವಕಾಶವಿದೆ, ಆ ತಿಂಗಳುಗಳ ಖರ್ಚಿಗೆ ದಾರಿ ಏನು, ಕೆಲಸ ಸಿಗದೆ ಊರಿಗೆ ಮರಳಿದರೆ ಸಾಲ ತೀರಿಸುವುದು ಹೇಗೆ ಎಂಬುದನ್ನು ವಿದ್ಯಾರ್ಥಿ ಮತ್ತು ಪೋಷಕರು ಕೂಡಿ ಬರೆಯಬೇಕು. ಕೆಲಸ ಖಚಿತವೆಂದು ಮಾತು ಕೊಡುವ ಏಜೆಂಟರ ಭರವಸೆಯನ್ನು ಉತ್ತರವೆಂದು ನಾವು ಒಪ್ಪುವುದಿಲ್ಲ. ಟ್ರಸ್ಟಿನ ಕರ್ಝೆ ಹಸನ ಪಡೆದವರು ಕೆಲಸ ಹುಡುಕುವ ಅವಧಿಯಲ್ಲಿ ಕಂತು ಕಟ್ಟಬೇಕಾಗಿಲ್ಲ.

ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ವಿಮಾನದ ಟಿಕೆಟ್ಟಿಗೆ ಕೊಡುವಂತೆಯೇ ಭಾಷೆಯ ತರಗತಿಯ ಶುಲ್ಕಕ್ಕೂ, ಕೆಲಸ ಸಿಗುವವರೆಗಿನ ಕೆಲವು ತಿಂಗಳ ಬಾಡಿಗೆಗೂ ಕೈಜೋಡಿಸಿ. ನೀವು ಈವರೆಗೆ ಕೊಟ್ಟ ನೆರವು ಫಲ ಕೊಡುವುದು ಆ ತಿಂಗಳುಗಳಲ್ಲಿ.